ಸೋಮಸುಂದರಂ ಬಾಯಿ ಮುಚ್ಚಿದ ಮಧ್ಯಾಹ್ನ

ಕೊಯಮತ್ತೂರು ಕಡೆಯ ಸಿರುಮುಗೈಯ ನೇಕಾರರ ಬೀದಿಯಲ್ಲಿ ಸೋಮಸುಂದರಂ ಬಾಯಿಗೆ ಬೀಗ ಹಾಕಬಲ್ಲವರು ಯಾರೂ ಹುಟ್ಟಿರಲಿಲ್ಲ. ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದು ಮಂಡಿ ಸವೆದಿತ್ತೇ ಹೊರತು ನಾಲಗೆ ಒಂದಿಷ್ಟೂ ಸವೆದಿರಲಿಲ್ಲ. ಸಾವಿನ ಮನೆಗೆ ಹೋದರೂ ಸತ್ತವರ ಮಕ್ಕಳಿಗೇ ಅವರಪ್ಪನ ಕತೆ ಹೇಳಿ ಬರುವ ಆಸಾಮಿ. ಇಂಥವನು ಅರವತ್ತನಾಲ್ಕನೇ ವಯಸ್ಸಿನಲ್ಲಿ, ಊರ ಹಿರಿಯರ ನೆನಪುಗಳನ್ನು ಫೋನಿನಲ್ಲಿ ಹಿಡಿದಿಡುವ ತರಬೇತಿಗೆ ಹೆಸರು ಕೊಟ್ಟಾಗ ಟೀ ಅಂಗಡಿಯ ಬೆಂಚಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಯಮತ್ತೂರಿನ ಕಾಲೇಜೊಂದರಿಂದ ಬಂದ ಸುಗನ್ಯಾ ಮೇಡಂ ಎರಡು ಭಾನುವಾರ ಕಲ್ಯಾಣಮಂಟಪದಲ್ಲಿ ಪಾಠ ಮಾಡಿದರು. ಫ್ಯಾನ್ ಆರಿಸಿ, ಫೋನನ್ನು ಮಡಿಸಿದ ಟವೆಲಿನ ಮೇಲಿಡಿ, ಮೊದಲು ಒಪ್ಪಿಗೆ ಕೇಳಿ, ಆಮೇಲೆ ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಅವರು ಹೇಳುವಾಗ ನೀವು ತುಟಿ ಬಿಚ್ಚಬೇಡಿ, ತಲೆಯಾಡಿಸಿದರೆ ಸಾಕು. ಮನೆಯಲ್ಲಿ ಕನ್ನಡವಾಡಿದರೂ ಕನ್ನಡ ಅಕ್ಷರ ಬಾರದ ಸೋಮಸುಂದರಂ ಇದಿಷ್ಟನ್ನೂ ತಮಿಳಿನಲ್ಲಿ ಬರೆದುಕೊಂಡ. ಅಭ್ಯಾಸಕ್ಕೆಂದು ಹಳೆಯ ನೇಕಾರ ದೊರೈಸಾಮಿಯನ್ನು ಮಾತಾಡಿಸಿ ರೆಕಾರ್ಡ್ ಮಾಡಿ ತಂದ. ಇಪ್ಪತ್ತು ನಿಮಿಷದ ರೆಕಾರ್ಡಿಂಗಿನಲ್ಲಿ ದೊರೈಸಾಮಿ ಎರಡು ಸಲ ಕೆಮ್ಮಿದ್ದಷ್ಟೇ ಕೇಳಿಸಿತು. ಮೇಡಂ ಬಹಳ ಮರ್ಯಾದೆಯಿಂದ, "ಇದು ಯಾರ ಚರಿತ್ರೆ ಸಾರ್?" ಎಂದರು.

ಎಲ್ಲರೊಂದಿಗೆ ತಾನೂ ನಕ್ಕನಾದರೂ ಅವನಿಗೆ ಒಳಗೇ ಚುಚ್ಚಿತು. ಅವನು ತರಬೇತಿಗೆ ಸೇರಿದ್ದು ಊರಿಗಾಗಿ ಅಲ್ಲ, ಅಮ್ಮನಿಗಾಗಿ. ಅವನಿಗೆ ಮೂರು ವರ್ಷವಿದ್ದಾಗ ತೀರಿಕೊಂಡ ಆ ತಾಯಿ ಕಮಲಾತಾಳ್‌ಳ ಒಂದು ಫೋಟೋ ಕೂಡ ಇರಲಿಲ್ಲ. ಅವಳನ್ನು ಕಂಡವರಲ್ಲಿ ಉಳಿದವಳು ಎದುರು ಮನೆಯ ಪಾಪಾತಿ ಒಬ್ಬಳೇ, ಅವಳಿಗೂ ಎಂಬತ್ತೆರಡು. ಅಮ್ಮನ ವಿಷಯ ಕೇಳಲೆಂದು ಎಷ್ಟೋ ಸಲ ಹೋಗಿದ್ದ. ಪ್ರತಿ ಸಲವೂ ತಾನೇ ಹರಟಿ, ಕಾಫಿ ಕುಡಿದು, ಏನೂ ಕೇಳದೆ ಎದ್ದು ಬಂದಿದ್ದ.

ಮಂಗಳವಾರ ಮಧ್ಯಾಹ್ನ ಟವೆಲು, ಫೋನು ಹಿಡಿದು ಹೋಗಿ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತ.

"ರೆಕಾರ್ಡ್ ಮಾಡ್ಲಾ ದೊಡ್ಡಮ್ಮ? ಸಮ್ಮತಾನಾ?"

"ಬೇಡ ಅಂದ್ರೆ ಬಿಟ್ಬಿಡ್ತೀಯಾ? ಮಾಡ್ಡಾ."

ಅವಳು ಶುರುಮಾಡಿದಳು. ಎರಡು ಮಾತಾಡಿ ನಿಲ್ಲಿಸಿದಳು. ಆ ಬೀದಿಯಲ್ಲಿ ಹೇಳುವವರು ನಿಲ್ಲಿಸಿದಲ್ಲೆಲ್ಲ ಕೇಳುವವರು 'ಹೂಂ' ಅನ್ನಬೇಕು. ಹೂಂ ಬರದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ಸೋಮಸುಂದರಂ ಮೇಡಂ ಹೇಳಿದಂತೆ ತಲೆಯಾಡಿಸಿದ.

"ಏನ್ಡಾ, ಕೂತಲ್ಲೇ ತೂಗುಡಿಸ್ತಿದೀಯಾ?"

ಇಲ್ಲವೆಂದು ತಲೆಯಲ್ಲಾಡಿಸಿ ತುಟಿಯ ಮೇಲೆ ಬೆರಳಿಟ್ಟು ಫೋನು ತೋರಿಸಿದ. ಮುದುಕಿಗೆ ಅರ್ಥವಾಯಿತು. ಅರ್ಥವಾದದ್ದೇ ತಡ, ತುಂಟತನ ಗರಿಗೆದರಿತು. ಅರವತ್ತು ವರ್ಷದಲ್ಲಿ ಇಂಥ ಅವಕಾಶ ಅವಳಿಗೆ ಸಿಕ್ಕಿರಲಿಲ್ಲ.

"ನಿಮ್ಮಪ್ಪ ನೇದ ಒಂದ್ ಸೀರೇಲೂ ಅಂಚು ನೆಟ್ಟಗಿರ್ನಿಲ್ಲ," ಎಂದಳು.

ಅವನು ಹೆಗಲ ಮೇಲಿನ ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡ.

"ನಿನ್ ಮದ್ವೆ ಸಾಂಬಾರ್‌ಗೆ ಉಪ್ಪೇ ಆಕಿರ್ನಿಲ್ಲ."

ಕಣ್ಣು ಕೆಂಪಾದವು, ಸದ್ದಿಲ್ಲ.

"ಮೊದ್ಲು ನಿನ್ನ ನೋಡೋಕೆ ಬಂದ ಹೆಣ್ಣಿನವ್ರು, ನಿನ್ ಮಾತು ತಾಳ್ಲಾರ್ದೆ ಊಟಾನೂ ಮಾಡ್ದೆ ಬಸ್ ಹತ್ಬಿಟ್ರು."

ಇದು ಮಾತ್ರ ನಿಜವಾಗಿತ್ತು. ಕಿವಿಯವರೆಗೆ ಬಿಸಿಯಾಯಿತಾದರೂ ಸೋಮಸುಂದರಂ ಅಲ್ಲಾಡಲಿಲ್ಲ. ಪಾಪಾತಿ ಕೆಮ್ಮು ಬರುವಷ್ಟು ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಅಯ್ಯೋ ಸಾಮಿ, ನಿಜ್ವಾಗ್ಲೂ ಕೇಳೋಕೇ ಬಂದಿದೀಯ," ಎಂದಳು.

ಆಮೇಲೆ ಹೇಳಿದಳು. "ನಿಮ್ಮಮ್ಮಾನೂ ನಿನ್ನಂಗೇ ಬಾಯಿಬಡ್ಕಿ. ರಾಟೆ ಸುತ್ತುತಾ ನಿನ್ನ ತೊಡೆ ಮೇಲೆ ಕೂರಿಸ್ಕೊಂಡು ಕದೆ ಏಳೋಳು, ನೀನು ಹೂಂ ಅನ್ನೋನು. ಜ್ವರ ಬಂದು ಮಲಗ್ದಾಗ್ಲೂ ಬಿಡ್ನಿಲ್ಲ. ಕಡೇ ದಿನ ಕದೆ ಏಳಿದ್ದು ಬವಾನಿ ಹೊಳೆ ದಾಟೋಕೋದ ಹುಡ್ಗೀದು. ನಿನ್ ಹೆಸ್ರು ಏಳು, ದಾರಿ ಬಿಡ್ತೀನಿ ಅಂತು ಹೊಳೆ. ಹುಡ್ಗಿ ಬಾಯ್ ತೆಗುದ್ಲು... ಅಷ್ಟೇ, ನಿಮ್ಮಮ್ಮ ನಿಂತೋದ್ಲು. ನಾವೆಲ್ಲ ಗೋಳೋ ಅಂತ ಅಳ್ತಿದ್ರೆ ನೀನು ಅವಳ ಮಗ್ಗುಲಲ್ಲೇ ಕೂತು ಹೂಂ, ಹೂಂ ಅಂತಾನೇ ಇದ್ದೆ. ನಾನೇ ಎತ್ಕೊಂಡ್ ಬಂದೆ. ನನ್ ಮನೇಲೂ ಹೂಂ ಅಂತಿದ್ದೆ."

ಸೋಮಸುಂದರಂ ಬಾಯಿಂದ ಪಂಚೆ ಜಾರಿ ಬಿತ್ತು. ಅವನಿಗೆ ಅಳು ಬಂತು. ನಿಯಮ ಮರೆತು, "ಮುಂದೇನಾಯ್ತು ದೊಡ್ಡಮ್ಮ? ಆ ಹುಡ್ಗಿ ಏನಂದ್ಲು?" ಎಂದ.

"ಅದ್ರ ಮುಂದೆ ನನ್ಗೂ ಗೊತ್ತಿಲ್ಲ, ನನ್ ಕಣ್ಣೇ. ಊರಿಗೆಲ್ಲ ಕದೆ ಏಳ್ತೀಯಲ್ಲ, ನೀನೇ ಏಳು."

ಅವನು ಹೇಳಲೆಂದು ಬಾಯಿ ತೆರೆದ. ಒಂದು ಮಾತೂ ಹೊರಡಲಿಲ್ಲ. ಪಾಪಾತಿ ಅವನ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು. ಆಮೇಲೆ ಮೆಲ್ಲಗೆ ತಾನೇ, "ಹೂಂ," ಎಂದಳು.