ಕೋಳಿ ಕೊಯ್ಯದ ಮನೆ

ಐಹೊಳೆಯ ಹುಚ್ಚವ್ವನಿಗೆ ಹುಚ್ಚು ಹೆಸರಿನಲ್ಲಿತ್ತೇ ಹೊರತು ತಲೆಯಲ್ಲಿರಲಿಲ್ಲ. ಆದರೂ ಫಾರ್ಮಿನ ಬಿಳಿ ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು, ಇವನ್ನು ಸಾಕಿಕೊಳ್ಳುತ್ತೀರಾ ಎಂದು ಅವಳು ಮನೆಮನೆ ಕೇಳತೊಡಗಿದಾಗ, ಕಡೆಗೂ ಹೆಸರಿಗೆ ತಕ್ಕ ಹಾಗೆ ಆದಳಲ್ಲ ಎಂದು ಊರವರು ನಕ್ಕರು. ನಗುವವರಿಗೇನು, ಮೊಟ್ಟೆ ತಿಂದು ಕೈ ತೊಳೆದುಕೊಂಡವರು.

ಹುನಗುಂದದ ದಾರಿಯಲ್ಲಿರುವ ಒಂದು ಕೋಳಿ ಫಾರ್ಮಿನಲ್ಲಿ ಅವಳದು ಹದಿನಾರು ವರ್ಷದ ದುಡಿತ. ಸಾಲು ಸಾಲು ತಂತಿಯ ಪಂಜರ, ಒಂದೊಂದರಲ್ಲಿ ನಾಲ್ಕೈದು ಕೋಳಿ, ರೆಕ್ಕೆ ಬಿಚ್ಚಲೂ ಜಾಗವಿಲ್ಲ. ವರ್ಷ, ಒಂದೂವರೆ ವರ್ಷ ಮೊಟ್ಟೆಯಿಟ್ಟು ಸೋತ ಮೇಲೆ ಲಾರಿ ಬಂದು ಅವನ್ನು ಕಡಿಯಲು ಒಯ್ಯುತ್ತದೆ. ತೀರ ನಿತ್ರಾಣಗೊಂಡವನ್ನು ಲಾರಿಯವನೂ ಒಲ್ಲೆನೆಂದು ನೆಲಕ್ಕೆಸೆದು ಹೋಗುತ್ತಾನೆ. ಹಾಗೆ ಎಸೆದ ಒಂದು ಕೋಳಿ, ಹುಟ್ಟಿದಾಗಿನಿಂದ ಮಣ್ಣು ಮೆಟ್ಟದ್ದು, ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೆಯೇ ನಿಂತಿದ್ದನ್ನು ಹುಚ್ಚವ್ವ ನೋಡಿದಳು. ಅಂದಿನಿಂದ ಲಾರಿ ಬಿಟ್ಟುಹೋದವನ್ನು ಮಾಲೀಕರಿಂದ ಕೇಳಿ ಬುಟ್ಟಿಗೆ ಹಾಕಿಕೊಂಡು ಬರತೊಡಗಿದಳು. ಅವಳ ಗುಡಿಸಲಿಗೆ ಅಂಗಳವಿಲ್ಲ, ಬೀದಿನಾಯಿಗಳ ಕಾಟ ಬೇರೆ. ಹಾಗಾಗಿ ಅವಕ್ಕೊಂದು ಮನೆ ಹುಡುಕಲೇಬೇಕಿತ್ತು.

ಮೊದಲು ತನ್ನವರಿಗೇ ಕೊಟ್ಟಳು. ಬೀರಪ್ಪ ದೇವರ ಒಕ್ಕಲಿನ ಪಾಂಡಪ್ಪ, “ಮಕ್ಕಳಂಗ ಸಾಕ್ತೇನಿ ಬೇ” ಎಂದು ಎರಡನ್ನು ಒಯ್ದ. ವಾರ ಬಿಟ್ಟು ವಿಚಾರಿಸಿದರೆ, “ಹರಕಿ ಇತ್ತು ಬೇ. ಆದ್ರ ಏನ್ ಬಿರುಸು ನಿನ್ನ ಕೋಳಿ! ಎರಡು ತಾಸು ಕುದಿಸಿದ್ರೂ ಬೇಯಲಿಲ್ಲ” ಎಂದು ಅವಳ ಮೇಲೆಯೇ ತಕರಾರು ತೆಗೆದ.

ಇನ್ನು ಕೋಳಿ ಕೊಯ್ಯದ ಮನೆಯೇ ಆಗಬೇಕೆಂದು ಲಿಂಗಾಯತರ ಓಣಿ ಹೊಕ್ಕಳು. ಅಲ್ಲಿ ಕೊಯ್ಯುವುದಿಲ್ಲ ನಿಜ, ಕೋಳಿಯನ್ನು ಅಂಗಳಕ್ಕೆ ಬಿಟ್ಟುಕೊಳ್ಳುವುದೂ ಇಲ್ಲ. ಏಳು ಬಾಗಿಲು ತಟ್ಟಿ, ಏಳು ಕಡೆ ಬೈಸಿಕೊಂಡಳು.

ಎಂಟನೆಯದು ಬಸಲಿಂಗವ್ವನ ಮನೆ. ಲಿಂಗಪೂಜೆಯಾಗದೆ ಗುಟುಕು ನೀರೂ ಕುಡಿಯದ ಅರವತ್ತೈದರ ಹೆಂಗಸು. ಎಮ್ಮೆ ಮಾರಿದ ಮೇಲೆ ಹಿತ್ತಲು ಖಾಲಿ ಬಿದ್ದಿತ್ತು. ನೆಲಕ್ಕೆಲ್ಲ ಹಾಸುಗಲ್ಲು, ಸುತ್ತ ಎತ್ತರದ ಗೋಡೆ.

“ಮಂದಿ ಏನರ ಅನ್ನಲಿ. ಇವೂ ಜೀವನಽ ಅಲ್ಲೇನು? ಬಿಡು ಇಲ್ಲೆ” ಎಂದಳು ಬಸಲಿಂಗವ್ವ.

ಆರು ಕೋಳಿಗಳು ಬುಟ್ಟಿಯಿಂದಿಳಿದವು. ಅವಳು ಒಂದನ್ನು ಮೆಲ್ಲಗೆ ಎತ್ತಿಕೊಂಡು ನೋಡಿ, “ಇದರ ಚುಂಚು ಯಾಕ ಹಿಂಗ ಮೊಂಡ ಐತಿ, ಹುಚ್ಚವ್ವ?” ಎಂದು ಕೇಳಿದಳು.

ಪಂಜರದ ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಿ ಸಾಯಿಸದಿರಲೆಂದು, ಮರಿಯಾಗಿದ್ದಾಗಲೇ ಕೊಕ್ಕನ್ನು ಕಾದ ಬ್ಲೇಡಿಗೆ ಒತ್ತಿ ತುದಿ ಕತ್ತರಿಸುತ್ತಾರೆ. ಫಾರ್ಮಿನಲ್ಲಿ ಆ ಕೆಲಸ ಹುಚ್ಚವ್ವನದು. ಹೆಬ್ಬೆರಳಿನಿಂದ ತಲೆ ಅದುಮಿ ಹಿಡಿದು ಚುರ್ರೆನಿಸುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲವೆಂದು ಮಾಲೀಕರು ಹೊಗಳಿದ್ದರು, ಅವಳು ಹಿಗ್ಗಿದ್ದಳು. ಈ ಆರರ ಕೊಕ್ಕೂ ಅವಳ ಕೈಯಲ್ಲೇ ಸುಟ್ಟದ್ದು. ಅದನ್ನು ಈ ತಾಯಿಯ ಮುಂದೆ ಹೇಗೆ ಆಡುವುದು? ಆಡಿದರೆ ಕೋಳಿಯ ಜೊತೆಗೆ ತನ್ನನ್ನೂ ಹೊರಗೆ ಹಾಕಿಯಾಳು.

“ಇವುಗಳ ಜಾತೀನಽ ಹಂಗರಿ ಯವ್ವಾ” ಎಂದುಬಿಟ್ಟಳು.

“ಹೌದೇನು? ಪಾಪ” ಎಂದು ಬಸಲಿಂಗವ್ವ ನಂಬಿದಳು.

ಮೊದಲ ವಾರ ಹುಚ್ಚವ್ವನೇ ದಿನಾ ಬೆಳಿಗ್ಗೆ ಬಂದು, ಫಾರ್ಮಿನಲ್ಲಿ ಉಳಿದ ಪುಡಿಮೇವನ್ನು ಕಲಸಿ ಬೋಗುಣಿಯಲ್ಲಿಟ್ಟು ಹೋಗುತ್ತಿದ್ದಳು. ಕೋಳಿಗಳು ಚೇತರಿಸಿಕೊಂಡವು, ಬಿಸಿಲಿಗೆ ರೆಕ್ಕೆ ಬಿಚ್ಚಿ ಮಲಗುವುದನ್ನು ಕಲಿತವು. ಅಷ್ಟರಲ್ಲಿ ಮಗಳಿಗೆ ಹೆರಿಗೆ ಬೇನೆ ಎಂದು ಕಲಾದಗಿಯಿಂದ ಅಳಿಯನ ಫೋನು ಬಂತು. “ನೀ ಹೋಗಿ ಬಾ. ನಮ್ಮನ್ಯಾಗ ಜ್ವಾಳ ಕಡಿಮಿ ಐತೇನು?” ಎಂದು ಬಸಲಿಂಗವ್ವ ಕಳಿಸಿಕೊಟ್ಟಳು. ಹುಟ್ಟಾ ಪುಡಿಯನ್ನೇ ತಿಂದ ಆ ಕೋಳಿಗಳು ಕಾಳು ಹೆಕ್ಕುವುದನ್ನು ಹುಚ್ಚವ್ವ ಎಂದೂ ಕಂಡವಳಲ್ಲ, ಬಸಲಿಂಗವ್ವನಂತೂ ಕೋಳಿಯನ್ನೇ ಸಾಕಿದವಳಲ್ಲ.

ನಾಲ್ಕು ದಿನಕ್ಕೆ ಫೋನು ಮಾಡಿ ಕೇಳಿದಾಗ, “ಭಾಳ ಚಲೋ ಅದಾವ ನೋಡು. ಮುಂಜಾನಿಯಿಂದ ಸಂಜಿತನಕಾ ಕುಟುಕೂದಽ ಕುಟುಕೂದು!” ಎಂದಳು ಬಸಲಿಂಗವ್ವ. ತನ್ನ ಕೋಳಿಗಳು ಲಿಂಗಾಯತರ ಮನೆಯಲ್ಲಿ ಬಿಳಿಜೋಳ ತಿನ್ನುತ್ತಿವೆ ಎಂದು ಹುಚ್ಚವ್ವ ಬಾಣಂತಿಯ ಮುಂದೆ ಎರಡೆರಡು ಸಲ ಹೇಳಿಕೊಂಡು ಸಂಭ್ರಮಪಟ್ಟಳು.

ಹನ್ನೆರಡು ದಿನದ ಮೇಲೆ ಅವಳು ಮರಳಿ ಬಂದಾಗ ಬಸಲಿಂಗವ್ವ ಹಿತ್ತಲ ಹೊಸ್ತಿಲಲ್ಲಿ ಕೂತಿದ್ದಳು. ಐದು ಕೋಳಿ ಆಗಲೇ ಮಣ್ಣಾಗಿದ್ದವು. ಆರನೆಯದು ಗೋಡೆಗೊರಗಿ ಕಣ್ಣು ಮುಚ್ಚಿತ್ತು.

“ಒಂದೊಂದಽ ಹೋದ್ವು ಹುಚ್ಚವ್ವ. ಲಿಂಗಾ ಹಿಡಿಯೂ ಕೈಲೆ ಕೋಳಿ ಮುಟ್ಟಿದ್ದಕ್ಕ ಹಿಂಗಾತು ಅಂತಾರ ಓಣ್ಯಾಗ. ಖರೇನಽ ಇರಬೇಕು. ನನ್ನ ಕೈಗುಣಾನಽ ಚಲೋ ಇಲ್ಲ” ಎಂದು ಆ ಹಿರಿಯ ಜೀವ ಗಳಗಳ ಅತ್ತಿತು.

ಹಾಸುಗಲ್ಲಿನ ತುಂಬ ಜೋಳ ಚೆಲ್ಲಿತ್ತು. ಹುಚ್ಚವ್ವ ಕೋಳಿಯನ್ನೆತ್ತಿದಳು. ಕೈಗೆ ಭಾರವೇ ಹತ್ತಲಿಲ್ಲ, ಕಾಳು ತುಂಬಿರಬೇಕಾದ ಕುತ್ತಿಗೆಯ ಚೀಲ ಬರೀ ತೊಗಲು. ಕಾಳಿನ ಮುಂದೆ ಇಳಿಸಿದರೆ ಅದು ಕುಟುಕಿತು. ಮೊಂಡ ಕೊಕ್ಕು ಕಲ್ಲಿಗೆ ಬಡಿದು ಟಕ್ ಎಂದಿತು, ಕಾಳು ಜಾರಿ ಆಚೆ ಹೋಯಿತು. ಮತ್ತೆ ಕುಟುಕಿತು, ಮತ್ತೆ ಜಾರಿತು. ಹತ್ತು ಸಲ ಕುಟುಕಿದರೂ ಒಂದು ಕಾಳು ಬಾಯೊಳಗೆ ಹೋಗಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಐದು ಜೀವದ ಪಾಪವನ್ನು ಬಸಲಿಂಗವ್ವ ತನ್ನದೆಂದುಕೊಂಡೇ ಸಾಯುತ್ತಿದ್ದಳು. ಹುಚ್ಚವ್ವನಿಗೆ ಅದನ್ನು ತಡೆಯಲಾಗಲಿಲ್ಲ.

“ನಿಮ್ಮ ಕೈ ಅಲ್ಲರಿ ಯವ್ವಾ, ನನ್ನ ಕೈ. ಜಾತಿ ಹಂಗ ಅಂದದ್ದು ಸುಳ್ಳರಿ. ಇವುಗಳ ಚುಂಚು ನಾನಽ ಸುಟ್ಟೇನಿ, ಆರರದೂ ನಾನಽ. ಕಾಳು ಹಿಡಿಯಾಕ ಬರಂಗಿಲ್ಲರಿ ಇವಕ್ಕ.”

ಬಸಲಿಂಗವ್ವ ಎದ್ದು ಒಳಗೆ ಹೋದಳು. ಇನ್ನು ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡಳು ಹುಚ್ಚವ್ವ. ಆದರೆ ಅವಳು ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ಮೆತ್ತಗೆ ಕಲಸಿ ಬೋಗುಣಿಯಲ್ಲಿ ತಂದು ಕೋಳಿಯ ಮುಂದಿಟ್ಟಳು. ಅದು ಮುಖವನ್ನೇ ಹುಗಿದು, ತಲೆಯೆತ್ತದೆ ಗಬಗಬ ತಿನ್ನತೊಡಗಿತು.

“ಅವತ್ತಽ ಹೇಳಿದ್ದಿ ಅಂದ್ರ” ಎಂದಳು ಬಸಲಿಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಆರಕ್ಕೂ ಹಿಂಗಽ ಕಲಸಿ ಇಡ್ತಿದ್ನಲ್ಲಾ, ತಂಗಿ.”

ಹುಚ್ಚವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೋಳಿ ತಿನ್ನುತ್ತಲೇ ಇತ್ತು.