ಹನ್ನೆರಡು ಹುಣಸೆ ಬೀಜ

ಗೆಳೆಯರೇ, ಎಂದೂ ದನಿ ಎತ್ತದ ನಾನು ಇಂದು ಸುರಪುರದ ಕಾಲೇಜು ಮೈದಾನದಲ್ಲಿ ಜಗಳಕ್ಕೆ ನಿಂತೆ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗಿಯರ ಐದು ಸಾವಿರ ಮೀಟರ್ ಓಟದ ಆಯ್ಕೆ ನಡೆದಿತ್ತು. ಮೊದಲು ಬಂದವಳಿಗಷ್ಟೇ ಜಾಗ. ಕೆಂಭಾವಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದೆ ಹನ್ನೆರಡೂವರೆ ಸುತ್ತು ಮುಗಿಸಿ ಕುಸಿದು ಕುಳಿತಳು. ಸುತ್ತು ಬರೆದುಕೊಳ್ಳುತ್ತಿದ್ದ ಮಾಸ್ತರರು ಕೂಗಿದರು: “ಏಳವ್ವ, ಇನ್ನೊಂದು ಸುತ್ತ ಅದ!”

“ಮುಗದಾವ್ರಿ ಸರ್, ಖರೇನ ಮುಗದಾವ,” ಎಂದು ಆಕೆ ಅಳತೊಡಗಿದಳು. ಹಿಂದಿದ್ದವರು ಹತ್ತಿರ ಬರುತ್ತಿದ್ದರು.

ನಾನು ಹೋಗಿ ಅಂಗೈ ತೆರೆದು ತೋರಿಸಿದೆ. ಹನ್ನೆರಡು ಹುಣಸೆ ಬೀಜ. ಅವಳ ಪೂರ್ತಿ ಸುತ್ತಿಗೊಂದರಂತೆ ಜೇಬಿನಿಂದ ತೆಗೆದಿದ್ದೆ. ನನ್ನ ಮಗಳು ಓಡುವಾಗಿನ ರೂಢಿ ಅದು. ಅವಳು ತೀರಿಕೊಂಡು ವರ್ಷವಾಗುತ್ತ ಬಂದರೂ ಕೈ ಬಿಟ್ಟಿಲ್ಲ.

“ಬೀಜ ನೋಡಿ ರಿಸಲ್ಟ್ ಬರೀಲೇನ್ರಿ ಯಜಮಾನ್ರ?” ಎಂದರು ಮಾಸ್ತರರು.

“ಓಟದ ನಡುವ ಅತಿಥಿ ಸಾಹೇಬ್ರು ಬಂದಾಗ ನೀವು ಹಾರದ ತಾಟ ಹಿಡ್ಕೊಂಡು ಎದ್ದು ನಿಂತಿದ್ರಿ. ಆವಾಗ ಈಕಿ ನಿಮ್ಮ ಬೆನ್ನ ಹಿಂದ ದಾಟಿ ಹೋದ್ಲು,” ಎಂದೆ.

ಯಾರೋ ಮೊಬೈಲ್ ತಂದರು. ಹಾರ ಹಾಕುವ ಫೋಟೊದಲ್ಲಿ ಸಾಹೇಬರ ಹೆಗಲ ಹಿಂದೆ ಆಕೆ ಓಡುತ್ತಿದ್ದಳು. ಮಾಸ್ತರರು ಮೊದಲ ಸ್ಥಾನಕ್ಕೆ ಅವಳ ಹೆಸರು ಬರೆದುಕೊಂಡರು.

ಆಮೇಲೆ ಹುಡುಗಿ ನನ್ನ ಬಳಿ ಬಂದು ಕೇಳಿದಳು: “ಕಾಕಾ, ನೀವು ಯಾರ ಸುತ್ತ ಎಣಸಾಕ ಬಂದಿದ್ರಿ?”

“ನಿನ್ನ ಸುತ್ತನ,” ಅಂದೆ.

ಆ ಮಾತು ಸುಳ್ಳು, ಗೆಳೆಯರೇ. ಎಣಿಕೆ ಮಾತ್ರ ಸರಿಯಾಗಿತ್ತು.