ಎಮ್ಮೆ ಅಡ್ಡ ಬಂದಿರಲಿಲ್ಲ, ಚನ್ನಬಸವ

ಬರೆಯುವುದು ನನ್ನ ಕೆಲಸವಲ್ಲ.
ನಾಲ್ಕನೇ ಕ್ಲಾಸಿಗೇ ಸ್ಲೇಟು ಎಸೆದು ಬಂದವನು ನಾನು.
ಮೊಮ್ಮಗಳು ಫೋನು ಕೈಗೆ ತುರುಕಿ, ಎಲ್ಲರೂ ಪೋಸ್ಟ್ ಹಾಕುತ್ತಿದ್ದಾರೆ ತಾತ, ನೀನೂ ನಾಲ್ಕು ಸಾಲು ಹಾಕು ಅಂತ ಕೂರಿಸಿದ್ದಾಳೆ.
ತೊಂಬತ್ತೈದು ವರ್ಷದ ಬೆರಳು... ಒಂದಕ್ಷರ ಒತ್ತಿದರೆ ಇನ್ನೊಂದು ಬರುತ್ತದೆ.

ಚನ್ನಬಸವ ಹೋದನಂತೆ.
ಬೆಳಿಗ್ಗೆ ಹೊಳೆನರಸೀಪುರದಿಂದ ಫೋನ್ ಬಂತು. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ.
ಮತ್ತೆ ಮಾಡಿದರು... ಬೈದೆ.
ಈ ಸೋಮವಾರ ತಾನೇ ಬೈಕಿನ ಸದ್ದನ್ನು ಫೋನಿನಲ್ಲಿ ಕೇಳಿಸಿ, ಹೇಗಿದೆ ಅಂತ ಕೇಳಿದ್ದ. ಟ್ಯಾಪೆಟ್ ಸಡಿಲ ಅಂದಿದ್ದೆ. ನಿನ್ನ ಕಿವಿ ಸಡಿಲ ಅಂದಿದ್ದ.
ಅಂಥವನು ಹೋಗುತ್ತಾನಾ...

ಆಮೇಲೆ ಅವನ ಮೊಮ್ಮಗ ಪ್ರಶಾಂತನ ಪೋಸ್ಟ್ ನೋಡಿದೆ.
ಹನ್ನೊಂದನೇ ದಿನ ತಾತನ ಬೈಕಿನಲ್ಲಿ ಊರೊಳಗೆ ಒಂದು ರೌಂಡ್ ಹೋಗುತ್ತಾನಂತೆ. ಫೋಟೋದಲ್ಲಿ ಬೈಕಿದೆ. ಪಕ್ಕದಲ್ಲಿ ಹೊಸ ಇಂಜಿನ್ ಆಯಿಲ್ ಡಬ್ಬ.
ಆ ಡಬ್ಬ ನೋಡಿದ್ದೇ ಪ್ರಶಾಂತನಿಗೆ ಫೋನ್ ಮಾಡಿದೆ.
ಬೆಳಿಗ್ಗೆಯಿಂದ ಅವನ ಫೋನು ಎಂಗೇಜು. ಅದಕ್ಕೇ ಇಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ಚನ್ನಬಸವನ ಬಲಗಾಲು ಕುಂಟಾಗಿದ್ದು ಎಮ್ಮೆ ಅಡ್ಡ ಬಂದು ಅಂತ ನೀವೆಲ್ಲ ನಂಬಿದ್ದೀರಿ.
ಸುಳ್ಳು.
ಎಮ್ಮೆ ಇರಲೇ ಇಲ್ಲ.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ನನಗೆ ಹದಿನೇಳು, ಅವನಿಗೆ ಹತ್ತೊಂಬತ್ತು. ನಾನು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಅವರದು ಎಣ್ಣೆ ವ್ಯಾಪಾರ, ಹಿತ್ತಲಲ್ಲೇ ಗಾಣ.
ಕಾಫಿ ತೋಟದ ದೊರೆಯೊಬ್ಬ ಸಾಕುಸಾಕೆನ್ನುವಷ್ಟು ಓಡಿಸಿ ಬಿಟ್ಟ ಇಂಗ್ಲೆಂಡಿನ ಮೋಟಾರ್ ಸೈಕಲ್ಲು ಇವನ ಕೈಗೆ ಬಂತು. ಮೈಲಿ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಎಣಿಸುತ್ತಿತ್ತು.
ಅದರ ಮೇಲೆ ಟೆಂಟ್ ಸಿನಿಮಾದ ರೀಲು ಡಬ್ಬ ಸಾಗಿಸುತ್ತಿದ್ದ. ಹಾಸನದಲ್ಲಿ ಆಟ ಮುಗಿದ ಫಿಲ್ಮು ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ಅರಕಲಗೂಡಿಗೆ...
ಇವನು ತಡ ಮಾಡಿದರೆ ಜನ ಟೆಂಟಿನ ಬೆಂಚು ಮುರಿಯುತ್ತಿದ್ದರು.

ಒಮ್ಮೆ ಇಂಜಿನ್ ಆಯಿಲ್ ಎಲ್ಲೂ ಸಿಗಲಿಲ್ಲ. ಆಯಿಲ್ ಟ್ಯಾಂಕಿನ ತಳದಲ್ಲಿ ಹಳೆಯದು ಸ್ವಲ್ಪ ಇತ್ತು.
ವಿಮಾನಕ್ಕೇ ಹರಳೆಣ್ಣೆ ಹಾಕುತ್ತಾರೆ ಅಂತ ಯಾರೋ ಹೇಳಿದ್ದರು. ಗಾಣದಿಂದ ಆಗಷ್ಟೇ ಇಳಿದ ಹರಳೆಣ್ಣೆಯನ್ನು ಹಳೆಯದರ ಮೇಲೇ ಸುರಿದೆ. ಬೇಡ ಕಣೋ ಅಂದ. ಮೆಕ್ಯಾನಿಕ್ ನೀನಾ ನಾನಾ ಅಂತ ರೇಗಿದೆ.

ಟ್ರಯಲ್ ನೋಡಲು ಹಳೇಕೋಟೆ ಕಡೆ ಹೊರಟೆವು. ದಾರಿಯಲ್ಲಿ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತಿತು.
ಗಾಡಿ ಅವನ ಬಲಗಾಲಿನ ಮೇಲೆ.
ಹಿಂದೆ ಕೂತಿದ್ದ ನಾನು ಗದ್ದೆ ಕೆಸರಿಗೆ ಬಿದ್ದೆ... ಒಂದು ಗೀರೂ ಇಲ್ಲ.

ಎತ್ತಿನ ಗಾಡಿಯಲ್ಲಿ ಮಲಗಿಸಿ ತರುವಾಗ ಹಲ್ಲು ಕಚ್ಚಿಕೊಂಡು ಹೇಳಿದ.
"ಎಮ್ಮೆ ಅಡ್ಡ ಬಂತು ಅಂತೀನಿ. ನೀನೂ ಅಂಗೇ ಅನ್ನು. ಎಣ್ಣೆ ಸುದ್ದಿ ಎತ್ತುದ್ರೆ ನಮ್ಮಪ್ಪ ಎತ್ತು ಬಿಚ್ಚಿ ನಿನ್ನೇ ಗಾಣಕ್ಕೆ ಕಟ್ತಾನೆ ಕಣ್ಲಾ."

ಅವನು ಮಲಗಿದ್ದಾಗ ಹಿತ್ತಲಲ್ಲಿ ಇಂಜಿನ್ ಬಿಚ್ಚಿದೆ. ಒಳಗೆಲ್ಲ ಹಲಸಿನ ಮೇಣದಂಥ ಅಂಟು.
ಅವರವ್ವ ಗೌರಮ್ಮ ಬಂದು, ಬೆರಳಲ್ಲಿ ತೆಗೆದು ಮೂಸಿ ನೋಡಿದರು.
"ಎಮ್ಮೆ ಅಳ್ಳೆಣ್ಣೆ ಕುಡ್ದಿತ್ತೇನಪ್ಪ?"
ನಾನು ಅತ್ತುಬಿಟ್ಟೆ. ಆಕೆ ಬೈಯಲಿಲ್ಲ. ಬಾಣಲೆ ಒಲೆಗಿಟ್ಟರು. ಗಾಣ ಆಡುವಾಗ ನೀರು ಚಿಮುಕಿಸುತ್ತಾರೆ, ಅದು ಎಣ್ಣೆಯಲ್ಲೇ ಉಳಿಯುತ್ತದೆ ಅಂದರು.
"ಚಿಟಪಟ ಅನ್ನೋಗಂಟ ನೀರೈತೆ. ಸುಮ್ಕಾದ ಮ್ಯಾಲೆ ಇಳಿಸು. ಅಳೇ ಜಿಡ್ಡಿರೋ ಪಾತ್ರೆಗೆ ವಸಾ ಎಣ್ಣೆ ಉಯ್ಬ್ಯಾಡ. ಎಣ್ಣೆ ಮಾರೋರ ಮನೇಲಿ ಯಾರೂ ಅಂಗ್ ಮಾಡಾಕಿಲ್ಲ."

ಅವತ್ತಿನಿಂದ ಆ ಇಂಜಿನ್ನಿಗೆ ಕಾಯಿಸಿ ಆರಿಸಿ ಸೋಸಿದ ಹರಳೆಣ್ಣೆ ಬಿಟ್ಟು ಬೇರೆ ಹನಿ ಬಿದ್ದಿಲ್ಲ. ವರ್ಷಕ್ಕೊಮ್ಮೆ ಪೂರ್ತಿ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ತುಂಬುತ್ತಿದ್ದೆವು. ನಾವಿಬ್ಬರೇ.
ಇವತ್ತಿಗೂ ಓಡುತ್ತದೆ.

ಲೋ ಚನ್ನಬಸವ...
ಕಿಕ್ ಇರುವುದು ಬಲಗಡೆ. ನಿನ್ನ ಬಲಗಾಲು ಕಳೆದವನು ನಾನು.
ಅದಕ್ಕೇ ಸೋಮವಾರ ಸೋಮವಾರ ನಿಮ್ಮ ಮನೆಗೆ ಬರುತ್ತಿದ್ದೆ ಕಣೋ. ನೀನು ಆಕ್ಸಿಲರೇಟರ್ ಹಿಡಿ, ನಾನು ಕಿಕ್ ಹೊಡೆಯುತ್ತೇನೆ ಅಂತ. ನಿಮ್ಮವ್ವನ ಉಪ್ಪಿಟ್ಟಿಗಲ್ಲ.
ನಿಜ ಹೇಳಿಬಿಡುತ್ತೇನೆ ಅಂದಾಗಲೆಲ್ಲ ನಿನ್ನದು ಒಂದೇ ಮಾತು... "ಸುಮ್ಕೆ ಕಿಕ್ ಒಡಿಲಾ."
ನಿಮ್ಮಪ್ಪ ಹೋದರು, ನಿಮ್ಮವ್ವ ಹೋದರು. ಆಮೇಲಾದರೂ ಹೇಳಬಹುದಿತ್ತು.
ಎಪ್ಪತ್ತೆಂಟು ವರ್ಷ ನೀನು ಇಲ್ಲದ ಎಮ್ಮೆಯನ್ನು ಬೈದೆ. ನನ್ನನ್ನು ಒಂದು ಸಲ ಬೈದಿದ್ದರೆ ಇವತ್ತು ಇಷ್ಟು ನೋಯುತ್ತಿರಲಿಲ್ಲ...

ನನ್ನ ಮಂಡಿ ಸೋತ ಮೇಲೆ ಪ್ರಶಾಂತ ಕಿಕ್ ಹೊಡೆದ. ಎಣ್ಣೆ ಮುಟ್ಟಲು ಮಾತ್ರ ನೀನು ಬಿಡಲಿಲ್ಲ. ಯಾಕೆ ಅಂತ ಹೇಳಹೊರಟರೆ ನನ್ನ ಹೆಸರು ಬರುತ್ತಿತ್ತು.
ನನ್ನ ಮಾನ ಕಾಯಲು ಹೋಗಿ ಆ ಹುಡುಗನಿಗೆ ಏನೂ ಕಲಿಸದೆ ಹೋದೆಯಲ್ಲೋ.
ಈಗ ಅವನೂ ನನ್ನ ಹಾಗೇ ಡಬ್ಬ ಹಿಡಿದು ನಿಂತಿದ್ದಾನೆ.

ಪ್ರಶಾಂತ, ಕೇಳು.
ಒಳಗಿರುವುದು ಹರಳೆಣ್ಣೆ. ಅದರ ಮೇಲೆ ಹೊಸ ಆಯಿಲ್ ಬಿದ್ದರೆ ಅಂಟಾಗುತ್ತದೆ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ.
ನಿನಗೂ ಇರುವುದು ಒಂದೇ ಬಲಗಾಲು.
ನಾನೇ ಬರುತ್ತೇನೆ. ಬಾಣಲೆ ತರುತ್ತೇನೆ. ಎಣ್ಣೆ ಯಾವಾಗ ಸುಮ್ಮನಾಗುತ್ತದೆ ಅಂತ ಕೇಳಿಸಿಕೊಳ್ಳುವುದನ್ನು ಕಲಿ.

ಹೋಗಿ ಬಾ ಚನ್ನಬಸವ...
ಶಿವ ನಿನ್ನನ್ನು ತನ್ನ ಪಾದದ ಹತ್ತಿರ ತಣ್ಣಗೆ ಕೂರಿಸಿಕೊಳ್ಳಲಿ. ಕಾಲು ನೋಯದಿರಲಿ.

ಪ್ರಶಾಂತ, ಆ ಡಬ್ಬದ ಮುಚ್ಚಳ ತೆಗೆದಿದ್ದೀಯೋ ಇಲ್ಲವೋ? ನೀನು ರೌಂಡ್ ಹೊರಡುವ ಮೊದಲೇ, ಈ ಭಾನುವಾರ ಹನ್ನೊಂದನೇ ತಾರೀಕಿನ ಸಂಜೆಯೊಳಗೆ ನನಗೆ ಉತ್ತರ ಬೇಕು.